ಏನೂ ಇಲ್ಲದ್ದು ವಾಲುವುದಿಲ್ಲ

ಸುಧನ್ವ ಬರೆದ ಬೆಟ್ಟ ಫ್ಯಾನಿನ ಗಾಳಿಗೆ ಎದ್ದು, ತರಗತಿಯನ್ನೆಲ್ಲ ಒಂದು ಸುತ್ತು ತೇಲಿ, ಕೊನೆಗೆ ನನ್ನ ಮಡಿಲಿಗೆ ಬಂದು ಬಿತ್ತು. ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದೆ. ಊರಿನ ಪೂರ್ವಕ್ಕಿರುವ ಕರಿಬಂಡೆಯ ಬೆಟ್ಟ ಅದು. ಸ್ವಲ್ಪವಾದರೂ ಸರಿಯಾಗಿ ಬರೆದಿದ್ದರೆ ನೆಲ ಕುಸಿದು ನಾವೆಲ್ಲ ಕೆಳಗಿನ ಅಕ್ಕಿ ಗೋದಾಮಿಗೆ ಬೀಳಬೇಕಿತ್ತು. ಅದು ಅವನಿಗೂ ಗೊತ್ತು. ತನ್ನ ಕೈಯಿಂದ ಅಂಥ ಅಪಾಯ ಯಾರಿಗೂ ಇಲ್ಲ ಎಂಬುದೂ ಗೊತ್ತು. ಅವನ ಬೆಟ್ಟ ಖಾಲಿ ಕಾಗದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಭಾರವಿರಲಿಲ್ಲ. ನಾಚಿಕೆಯಿಂದ ಬೆಂಚಿನ ಕೆಳಗೆ ಸೇರಿಕೊಳ್ಳಬೇಕಾದವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಸರ್, ಇದು ಬೆಟ್ಟಕ್ಕೆ ಅದರ ಭಾರದಿಂದ ಕೊಟ್ಟ ಬಿಡುಗಡೆ" ಎಂದ.

ಪದ್ಮರಾಜಯ್ಯ ಮೇಷ್ಟ್ರು ಕಣ್ಣು ಮುಚ್ಚಿದರು. ಮೆಚ್ಚಿಗೆಯಾದಾಗ ಅವರು ಕಣ್ಣು ಮುಚ್ಚುತ್ತಾರೆ. ಚಿತ್ರ ಕಲಿಸುವ ಮನುಷ್ಯ ಮೆಚ್ಚಿದಾಗ ಕಣ್ಣು ಮುಚ್ಚುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಕೇಳಿಸ್ಕೊಂಡ್ರೇನಪ್ಪ ಎಲ್ಲರೂ? ಇದು ಪರಿಕಲ್ಪನೆ ಅಂದ್ರೆ" ಎಂದು ಅವರು ಕಣ್ಣು ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೆಟ್ಟವನ್ನು ಸುಧನ್ವನ ಕೈಗೆ ಕೊಟ್ಟೆ. ಅವನು ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಕುಳಿತ.

ನಮ್ಮೂರಲ್ಲಿ ಸರಿಯಾಗಿ ಬರೆದ ಚಿತ್ರಕ್ಕೆ ಬರೆದ ವಸ್ತುವಿನಷ್ಟೇ ಭಾರ. ಅದಕ್ಕೇ ಮಹಡಿ ಮೇಲೆ ಮಕ್ಕಳ ಕೈಗೆ ಪೆನ್ಸಿಲು ಕೊಡುವುದಿಲ್ಲ. ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಅಟ್ಟದ ಮೇಲೆ ಕುಳಿತು ಎಮ್ಮೆ ಬರೆದು, ಅಟ್ಟ ಮುರಿದು, ಕಾಗದದ ಸಮೇತ ಅಡುಗೆಮನೆಗೆ ಇಳಿದಿದ್ದಳು. ಬೈದವರಿಗಿಂತ ಅವಳ ಕೈ ಹೊಗಳಿದವರೇ ಹೆಚ್ಚು. ಮದುವೆಗೆ ಮೊದಲು ಹೆಣ್ಣಿನ ಚಿತ್ರ ಗಂಡಿನ ಮನೆಗೆ ಹೋಗುತ್ತದೆ. ಅತ್ತೆಯಾಗುವವಳು ಅದನ್ನು ಎತ್ತಿ ನೋಡಿ, ಊಟ ಹಾಕಿ ಬೆಳೆಸಿದ್ದಾರೆ ಎಂದೋ ಇಲ್ಲ ಎಂದೋ ಹೇಳುತ್ತಾಳೆ. ದೇವರ ಪಟಗಳ ವಿಷಯ ಬೇರೆ. ಕೆಲವು ಮನೆಗಳಲ್ಲಿ ಅವು ಸರಪಳಿಯಲ್ಲಿ ತೂಗುತ್ತವೆ, ಕೆಲವು ಮನೆಗಳಲ್ಲಿ ಹೂವಿನ ದಾರದಲ್ಲಿ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಪಾಠ ಬರದೆ ಅಲ್ಲ, ಎದ್ದು ನಿಂತು ಹೇಳು ಎಂದರೆ ಬಾಯಿ ಬಿಡಲಾಗದೆ. ಬೆತ್ತ ಮುರಿದ ಮೇಲೆ ಆ ಶಾಲೆಯ ಮೇಷ್ಟ್ರು ಅವ್ವನನ್ನು ಕರೆಸಿ, "ನಿಮ್ಮ ಹುಡುಗಿ ನಮ್ಮನ್ನ ನೋಡ್ತಾಳೆ ಹೊರತು ಮಾತಾಡಲ್ಲ" ಎಂದರು. ಅವ್ವ, ನೋಡೋದಕ್ಕೆ ನಮ್ಮಂಗಡಿಯಲ್ಲೇ ಬೇಕಾದಷ್ಟು ಜನ ಇದ್ದಾರೆ ಎಂದು ನನ್ನನ್ನು ಕರೆದುಕೊಂಡು ಬಂದಳು. ಅಕ್ಕಿ ಗೋದಾಮಿನ ಎದುರು ಅವ್ವನ ಬೋಂಡದಂಗಡಿ. ಗೋದಾಮಿನ ಮಹಡಿಯಲ್ಲಿ ಚಿತ್ರಶಾಲೆ. ಆಗ ಶಾಲೆಯ ಬಾಗಿಲಲ್ಲಿ ಒಂದು ತಕ್ಕಡಿ ಇತ್ತು. ಒಂದು ತಟ್ಟೆಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಸೇರಲು ಬಂದವರು ಬರೆದ ನಿಂಬೆಹಣ್ಣು. ಮುಳ್ಳು ನೆಟ್ಟಗೆ ನಿಂತರೆ ಸೀಟು. ಬೇರೇನೂ ಕೇಳುತ್ತಿರಲಿಲ್ಲ. ನನ್ನಂಥವಳಿಗೆ ಅಷ್ಟೇ ಬೇಕಾಗಿತ್ತು, ಸೇರಿಕೊಂಡೆ.

ಮರುವರ್ಷ ಪದ್ಮರಾಜಯ್ಯ ಮೇಷ್ಟ್ರು ಮುಖ್ಯಸ್ಥರಾಗಿ ಬಂದು ತಕ್ಕಡಿ ತೆಗೆಸಿದರು. ಇದು ಕಲಾಶಾಲೆ, ದಿನಸಿ ಅಂಗಡಿಯಲ್ಲ ಎಂದರು. ಅವರ ಮೇಜಿನ ಮೇಲೆ ಅವರೇ ಚಿಕ್ಕವರಿದ್ದಾಗ ಬರೆದ ಮಾವಿನಹಣ್ಣಿನ ಚಿತ್ರ ಇದೆ. ಒಳ್ಳೆಯ ಹಣ್ಣು. ಹಾಜರಿ ಕಾಗದಗಳು ಹಾರದಂತೆ ಅದನ್ನು ಅವುಗಳ ಮೇಲೆ ಇಟ್ಟಿರುತ್ತಾರೆ. ಅದಾದ ಮೇಲೆ ಅವರು ಬರೆದದ್ದಕ್ಕೆಲ್ಲ ಬೇರೆ ಏನನ್ನಾದರೂ ಹೇರಿ ಕೂರಿಸಬೇಕಾಗುತ್ತದೆ.

ಅವರು ಬಂದ ಮೇಲೆ ಶಾಲೆಯಲ್ಲಿ ಎರಡು ಮಾತು ಉಳಿದವು, ಪರಿಕಲ್ಪನೆ ಮತ್ತು ಸಂಯೋಜನೆ. ಪರಿಕಲ್ಪನೆ ಎಂದರೆ ಚಿತ್ರದ ಪಕ್ಕದಲ್ಲಿ ನಿಂತು ಹೇಳುವ ಮಾತು. ಅದು ಉದ್ದವಿದ್ದಷ್ಟೂ ಒಳ್ಳೆಯದು. ಮಾಳವಿಕಾ ಎಂಬವಳು ಬಿಳಿ ಕಾಗದದ ನಡುವೆ ಒಂದು ಗೀಟು ಎಳೆದು ಅದಕ್ಕೆ 'ಮೌನ' ಎಂದು ಹೆಸರಿಟ್ಟು, ಕೆಳಗಿನ ಹಮಾಲರ ಅನ್ನದ ಎಸರು ಉಕ್ಕಿ, ಅಕ್ಕಿ ಬೆಂದು, ಗಂಜಿ ಬಸಿಯುವವರೆಗೂ ಅದರ ಬಗ್ಗೆ ಮಾತಾಡಿದಳು. ಸಂಯೋಜನೆ ಎಂದರೆ ಕಾಗದದ ಮೇಲೆ ಏನು ಎಲ್ಲಿರಬೇಕು ಎಂಬುದು. ಇದು ನಮ್ಮೂರಲ್ಲಿ ಬಾಯಿಮಾತಲ್ಲ. ಚಿತ್ರವನ್ನು ನಡುಮಧ್ಯದ ಒಂದೇ ಕಬ್ಬಿಣದ ಬಳೆಯಿಂದ ನೇತುಹಾಕುತ್ತಾರೆ. ಲೆಕ್ಕ ತಪ್ಪಿದ್ದರೆ ಅದು ವಾಲುತ್ತದೆ, ಎಲ್ಲರಿಗೂ ಕಾಣುತ್ತದೆ. ಆದರೆ ಏನೂ ಇಲ್ಲದ್ದು ವಾಲುವುದಿಲ್ಲ. ಈ ಗುಟ್ಟು ಕಂಡುಕೊಂಡ ಮೇಲೆ ಶಾಲೆಯಲ್ಲಿ ಎಲ್ಲರೂ ಸಂಯೋಜನೆಯಲ್ಲಿ ಪಾಸಾಗತೊಡಗಿದರು. ಮೇಷ್ಟ್ರು ಅದನ್ನು ತಮ್ಮ ಪಾಠದ ಫಲ ಎಂದು ತಿಳಿದರು.

ಹಗುರವಾದದ್ದೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನನಗಿಂತ ಹಿರಿಯಳೊಬ್ಬಳು ಒಮ್ಮೆ ಜೇಡರ ಬಲೆ ಬರೆದಿದ್ದಳು. ಬಾಗಿಲು ತೆಗೆದಾಗ ಅದು ಜೇಡರ ಬಲೆ ಎಷ್ಟು ಅಲುಗಬೇಕೋ ಅಷ್ಟೇ ಅಲುಗಿತು. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೇಷ್ಟ್ರು ಅವಳಿಗೆ ಪರಿಕಲ್ಪನೆ ಸಾಲದು ಎಂದರು.

ವರ್ಷದ ಕೊನೆಗೆ ಪ್ರದರ್ಶನ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ವಾಲದೆ, ಇಳಿಯದೆ ಗೋಡೆಯ ಮೇಲಿದ್ದ ಚಿತ್ರಕ್ಕೆ ತೇರ್ಗಡೆ. ಬರೆದವರ ಹೆಸರನ್ನು ಶಾಲೆಯ ತೊಲೆಯ ಮೇಲೆ ಬರೆಯುತ್ತಾರೆ. ಶಾಲೆಯಲ್ಲಿ ಕಲಿಯುತ್ತಿರುವವರನ್ನು ಬಿಟ್ಟರೆ, ಹೆಸರಿದ್ದವರಿಗೆ ಮಾತ್ರ ಊರಿನ ಕಾಗದದಂಗಡಿಯವನು ಚಿತ್ರದ ಕಾಗದ ಕೊಡುತ್ತಾನೆ. ಎರಡು ಸಲ ತಪ್ಪಿದವರಿಗೆ ಆಮೇಲೆ ಶಾಲೆಯೂ ಇಲ್ಲ, ಕಾಗದವೂ ಇಲ್ಲ. ಬಾಗಿಲ ಮುಂದೆ ರಂಗೋಲಿ ಬಿಟ್ಟುಕೊಂಡು ಇರಬೇಕು. ನೆಲಕ್ಕೆ ಎಷ್ಟು ಭಾರವಾದರೂ ಒಂದೇ, ಬೆಳಿಗ್ಗೆ ಗುಡಿಸಿದರೆ ಮುಗಿಯಿತು. ನಾನು ಹೋದ ವರ್ಷ ಒರಳುಕಲ್ಲು ಬರೆದಿದ್ದೆ. ಭಾರ ಸರಿಯಾಗಿತ್ತು, ಜಾಗ ತಪ್ಪಾಗಿತ್ತು. ಪರೀಕ್ಷಕರು ಬರುವ ಮೊದಲೇ ಒಂದು ಕಡೆ ಜಗ್ಗಿ, ಬಳೆ ಕಿತ್ತು ನೆಲಕ್ಕೆ ಬಿತ್ತು. ಸುಧನ್ವ ಬಗ್ಗಿ ನೋಡಿ, "ಪರಿಕಲ್ಪನೆ ಇದ್ದಿದ್ರೆ ನಿಲ್ತಿತ್ತು" ಎಂದಿದ್ದ. ಈ ವರ್ಷವೂ ತಪ್ಪಿದರೆ ನನಗೆ ಕಾಗದ ಮುಗಿಯಿತು.

ಈ ಸಲ ಅವ್ವನನ್ನು ಬರೆಯುವುದೆಂದುಕೊಂಡೆ. ಬೇರೆ ಕಾರಣವೇನೂ ಇಲ್ಲ. ದಿನಾ ನೋಡುವುದು ಅವಳನ್ನೇ. ನನ್ನ ಅವ್ವ ನಿಂಗಮ್ಮ ಊರಿಗೇ ಗೊತ್ತಿರುವ ದಪ್ಪ ಹೆಂಗಸು. ಅಂಗಡಿಯ ಬೆಂಚಿನ ಮೇಲೆ ಅವಳು ಕುಳಿತರೆ ಇನ್ನೊಂದು ತುದಿಯಲ್ಲಿ ಕುಳಿತ ಗಿರಾಕಿ ಒಂದಿಷ್ಟು ಮೇಲೇಳುತ್ತಾನೆ. ಅವಳಿಗೆ ಅದರಲ್ಲಿ ಹೆಮ್ಮೆಯೇ. ಬರೆಯುತ್ತೇನೆ ಎಂದಾಗ ಅವಳು ಬಾಣಲೆಯಿಂದ ಜಾಲರಿ ಎತ್ತಿ ಎಣ್ಣೆ ಸೋರಿಸುತ್ತ, "ಬರ್ಯೋದಾದ್ರೆ ಪೂರ್ತಿ ಬರಿ. ಹೊಟ್ಟೆ ಒಳಕ್ಕೆ ಎಳ್ಕೊಂಡು ನಿಂತ್ಕೋ ಅಂತ ಮಾತ್ರ ಹೇಳ್ಬೇಡ. ಇದೆಲ್ಲ ನಾನು ದುಡ್ದು ತಿಂದಿದ್ದು" ಎಂದಳು.

ಹಲಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ಕಾಗದ ಅಂಟಿಸಿ, ಅಂಗಡಿಯ ಹಿಂದೆ ನೆಲದ ಮೇಲಿಟ್ಟು ಬರೆದೆ. ಒಲೆಯ ಮುಂದೆ ಮುಕ್ಕಾಲಿಯ ಮೇಲೆ ಕುಳಿತ ಅವ್ವ, ಎಡಗಡೆಗೆ. ರೇಖೆ ಸರಿಯಾಗಿ ಕೂತಾಗ ಹಲಗೆ ಮಣ್ಣಿಗೆ ಒತ್ತುತ್ತದೆ, ಅದು ಮೊಣಕೈಗೆ ಗೊತ್ತಾಗುತ್ತದೆ. ಅವ್ವನ ಭುಜ ಬಂದಾಗ ಒತ್ತಿತು. ಸೊಂಟ ಬಂದಾಗ ಇನ್ನಷ್ಟು. ಎಣ್ಣೆಯ ಕಾವಿಗೆ ಕಿರಿದಾಗುವ ಅವಳ ಎಡಗಣ್ಣನ್ನು ಬರೆದಾಗ ಹಲಗೆಯ ಕೆಳಗಿನ ಹಸಿಮಣ್ಣು ಅಂಚಿನಿಂದ ಹೊರಕ್ಕೆ ಉಬ್ಬಿತು. ಬಾವಿಯ ರಾಟೆಯನ್ನು ಹುಣಿಸೆಮರದ ಕೊಂಬೆಗೆ ಕಟ್ಟಿ, ಇಬ್ಬರೂ ಸೇರಿ ಹಗ್ಗ ಎಳೆದೆವು. ಹಲಗೆ ನೆಲ ಬಿಟ್ಟದ್ದೇ ತಡ, ಎಡಕ್ಕೆ ಧಡಾರನೆ ವಾಲಿತು.

"ನನ್ನ ಎತ್ತೋಕೆ ನಾನೇ ಹಗ್ಗ ಎಳೀಬೇಕು. ಎಂಥ ಮಗಳನ್ನ ಹೆತ್ತೆನಪ್ಪ" ಎಂದು ಅವ್ವ ಏದುಸಿರು ಬಿಟ್ಟಳು. ದನಿಯಲ್ಲಿ ಸಂತೋಷವಿತ್ತು.

ಮೇಷ್ಟ್ರು ಎಲ್ಲರ ಕೆಲಸವನ್ನೂ ನಡುವೆ ಒಮ್ಮೆ ನೋಡಬೇಕೆಂಬ ನಿಯಮವಿದೆ. ನನ್ನದನ್ನು ಮಹಡಿಗೆ ತರಲಾಗದು ಎಂದು ಅವರೇ ಅಂಗಡಿಯ ಹಿಂದಕ್ಕೆ ಬಂದರು, ಜೊತೆಗೆ ಸುಧನ್ವನೂ ಬಂದ. ಮೇಷ್ಟ್ರು ವಾಲಿದ ಹಲಗೆಯನ್ನು ದೂರದಿಂದ ನೋಡಿದರು. ಅದರ ಕೆಳಗೆ ನಿಲ್ಲಬಾರದು ಎಂಬಷ್ಟು ಬುದ್ಧಿ ಅವರಿಗಿದೆ.

"ಇದು ನಿಮ್ಮಮ್ಮ. ಸರಿ. ಆದ್ರೆ ಇದರಲ್ಲಿ ಪರಿಕಲ್ಪನೆ ಏನಮ್ಮ?"

ನಾನು ನೆಲ ನೋಡಿದೆ.

"ನೋಡು ಕೆಂಚಮ್ಮ, ಇಷ್ಟೆಲ್ಲ ಯಾಕೆ ಬರೀಬೇಕು? ಸೂಚಿಸ್ಬೇಕು. ಸೆರಗಿನ ಒಂದು ಅಂಚು, ಸ್ವಲ್ಪ ಹೊಗೆ. ನೋಡೋರು ಉಳಿದದ್ದನ್ನ ಊಹೆ ಮಾಡ್ಕೊಳ್ತಾರೆ. ಸಂಯೋಜನೆ ತಾನಾಗೇ ಸರಿಹೋಗುತ್ತೆ."

ಸುಧನ್ವನ ಬಾಯಲ್ಲಿ ಅವ್ವನ ಬೋಂಡ ಇತ್ತು. ಅದನ್ನು ಒಂದು ಕೆನ್ನೆಗೆ ಸರಿಸಿಕೊಂಡು, "ನಾನಾಗಿದ್ರೆ ಅಮ್ಮನ್ನೇ ಬರೀತಿರ್ಲಿಲ್ಲ. ಅಮ್ಮ ಇಲ್ಲದಿರೋದನ್ನ ಬರೀತಿದ್ದೆ" ಎಂದ. ಮೇಷ್ಟ್ರು ಕಣ್ಣು ಮುಚ್ಚಿದರು.

ಅವ್ವ ಒಲೆಯ ಹತ್ತಿರದಿಂದಲೇ ಕೇಳಿಸಿಕೊಂಡಳು. "ನಾನಿಲ್ಲದಿರೋದನ್ನ ಬರ್ಯೋಕೆ ನಾನು ಸತ್ಮೇಲೆ ಬೇಕಾದಷ್ಟು ಟೈಮಿದೆ ಕಣಪ್ಪ. ಈಗ ಇದೀನಲ್ಲ. ಚಟ್ನಿ ಹಾಕ್ಲಾ?"

ಅವನು ಚಟ್ನಿ ಹಾಕಿಸಿಕೊಂಡ.

ಅವರು ಹೋದ ಮೇಲೆ ನನಗೆ ಬಂದ ಯೋಚನೆ ಹೇಳುತ್ತೇನೆ. ಅವರು ಹೇಳಿದ್ದು ಸುಲಭವಿತ್ತು. ಅಳಿಸುವ ರಬ್ಬರು ಕೈಯಲ್ಲೇ ಇತ್ತು. ಒಂದು ಸೆರಗು, ಒಂದಿಷ್ಟು ಹೊಗೆ ಉಳಿಸಿದರೆ ಹಲಗೆ ನೆಟ್ಟಗೆ ತೂಗುತ್ತದೆ, ನನ್ನ ಹೆಸರು ತೊಲೆಗೇರುತ್ತದೆ, ಬೇಕಾದಷ್ಟು ಕಾಗದ ಸಿಗುತ್ತದೆ. ಆಮೇಲೆ ಆ ಕಾಗದದ ಮೇಲೆ ಬೇಕಾದ್ದನ್ನು ಬರೆದುಕೊಳ್ಳಬಹುದು. ಮೇಷ್ಟ್ರೂ ಮಾವಿನಹಣ್ಣು ಬರೆದ ಮೇಲೆ ಹೀಗೇ ಅಂದುಕೊಂಡಿರಬೇಕು. ಆ ಮುಖ ನೆನಪಾಗಿ ನಾನು ರಬ್ಬರನ್ನು ಈರುಳ್ಳಿ ಸಿಪ್ಪೆಯ ಬುಟ್ಟಿಗೆ ಎಸೆದೆ.

ಬಲಗಡೆಗೆ ಸಮತೂಕ ಬೇಕಿತ್ತು. ಕುಂಬಳಕಾಯಿಗಳ ರಾಶಿ ಬರೆದೆ, ಸಾಲಲಿಲ್ಲ. ಹಿಟ್ಟಿನ ಮೂಟೆ ಬರೆದೆ. ಹಲಗೆಯ ಎಡಗಡೆ ಸ್ವಲ್ಪ ಮೇಲೆದ್ದಿತು. ಮೂಟೆಯ ಮೇಲೊಂದು ಮೂಟೆ ಬರೆದಾಗ ಮಟ್ಟಕ್ಕೆ ಬಂತು. ಬಂದರೂ ಅದು ಚಿತ್ರದ ಹಾಗೆ ಕಾಣದೆ ಗೋದಾಮಿನ ಹಾಗೆ ಕಂಡಿತು. ಆ ಮೂಟೆಗಳು ಅಲ್ಲಿದ್ದದ್ದು ಅವ್ವ ಬೀಳದಿರಲಿ ಎಂದು ಮಾತ್ರ. ಅಂಗಡಿಯಲ್ಲಿ ಆ ಜಾಗದಲ್ಲಿ ಯಾವತ್ತೂ ಮೂಟೆ ಇದ್ದದ್ದಿಲ್ಲ. ಮೇಷ್ಟ್ರ ಬಗ್ಗೆ ನನಗೆ ಎಷ್ಟು ತಾತ್ಸಾರವೋ ಆ ಮೂಟೆಗಳ ಬಗ್ಗೆಯೂ ಅಷ್ಟೇ ಬಂತು. ಬುಟ್ಟಿಯಿಂದ ರಬ್ಬರು ಹುಡುಕಿ ತೆಗೆದು ಮೂಟೆಗಳನ್ನೂ ಕುಂಬಳಕಾಯಿಗಳನ್ನೂ ಅಳಿಸಿದೆ.

ಆ ಜಾಗದಲ್ಲಿ ದಿನಾ ಇರುವುದು ನಾನು. ಅವ್ವ ಬೋಂಡ ಬಿಡುತ್ತಾಳೆ, ನಾನು ಆಚೆ ತುದಿಯಲ್ಲಿ ಈಳಿಗೆಮಣೆಯ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತೇನೆ. ಹಾಗಾಗಿ ನನ್ನನ್ನೇ ಬರೆದೆ. ನಾನು ಅವ್ವನ ಅರ್ಧದಷ್ಟೂ ಇಲ್ಲ. ಆದರೆ ನಡುವಿನ ಬಳೆಯಿಂದ ದೂರ ಕುಳಿತರೆ ಅರ್ಧವೂ ಸಾಕಾಗುತ್ತದೆ. ಬಾವಿಯಿಂದ ನೀರೆತ್ತುವ ಏತದಲ್ಲಿ ಆಗುವುದೂ ಅದೇ. ಅದಕ್ಕೇ ಬಲಗಡೆಯ ಕೊನೆಯ ಅಂಚಿಗೆ ಕೂರಿಸಿದೆ. ತಲೆ ಬಗ್ಗಿಸಿದ, ಕಣ್ಣು ನೆಲಕ್ಕಿಟ್ಟ, ಯಾರ ತಂಟೆಗೂ ಹೋಗದ ಹುಡುಗಿ. ಸೀರೆಯ ನೆರಿಗೆ, ಕೈಬಳೆ, ಈಳಿಗೆಯ ಹಲ್ಲು, ಎಲ್ಲ ಬಂತು. ಹಗ್ಗ ಎಳೆದೆವು. ಹಲಗೆ ಮೊದಲು ವಾಲಿದಷ್ಟೇ ವಾಲಿತು. ನಾನು ಅಲ್ಲಿ ಕುಳಿತದ್ದು ಅದಕ್ಕೆ ತಿಳಿದೇ ಇರಲಿಲ್ಲ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕತ್ತು ವಾರೆ ಮಾಡಿ ನೋಡಿದಳು.

"ಇದ್ಯಾರೇ ಇದು? ಯಾರ ಮನೆ ಸೊಸೆ?"

"ನಾನು" ಎಂದೆ.

"ನೀನಾ? ಇಷ್ಟು ಒಳ್ಳೇಳು ನೀನ್ಯಾವಾಗ ಆದೆ?"

"ಯಾಕೆ, ಮೂಗು ಸರಿಯಿಲ್ವಾ?"

"ಮೂಗು ಸರಿಯಿದೆ ಕಣೆ. ಕಣ್ಣು ಯಾವಳ್ದೋ. ನೀನು ಯಾವತ್ತು ನೆಲ ನೋಡ್ದೋಳು? ಮಾತಾಡ್ಸಿದ್ರೆ ಮಾತ್ರ ನೆಲ ನೋಡ್ತೀಯ. ಮಾತಾಡ್ಸಿದೋರು ಆ ಕಡೆ ತಿರುಗ್ಲಿ, ಶುರುವಾಗುತ್ತೆ ನಿನ್ನ ನೋಟ. ಅವನು ತಿನ್ನೋ ಬಾಯಿ, ಇವಳು ಒರಸ್ಕೊಳ್ಳೋ ಕೈ, ಒಂದೂ ಬಿಡಲ್ಲ. ಗಿರಾಕಿಗಳು ನನ್ ಹತ್ರ ಹೇಳ್ತಾರೆ, ನಿಂಗಮ್ಮ, ನಿನ್ನ ಮಗಳು ಅಕ್ಕೀಲಿ ಹುಳ ಆರ್ಸೋಳ ಥರ ನಮ್ಮನ್ನ ನೋಡ್ತಾಳೆ ಅಂತ."

ನನ್ನ ತಾತ್ಸಾರ ಯಾರಿಗೂ ಕಾಣುವುದಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಬಾಯಿ ಬಿಡದವಳ ಮನಸ್ಸು ಮುಚ್ಚಿದ ಪೆಟ್ಟಿಗೆ ಎಂದುಕೊಂಡಿದ್ದೆ. ಹಮಾಲರಿಗೆ, ಮೇಷ್ಟ್ರಿಗೆ, ಬಸ್ಸಿಗೆ ಕಾಯುವ ಹೆಂಗಸರಿಗೆ, ಎಲ್ಲರಿಗೂ ಅದು ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಮತ್ತೆ ಯಾಕೆ ನೀನು ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿ ಏನ್ಮಾಡ್ಲಿ? ನೋಡಿದ್ರೂ ತಿಂದು ಹೋಗ್ತಾರೆ. ಬೋಂಡ ಚೆನ್ನಾಗಿದೆ."

ಸ್ಟೀಲ್ ತಟ್ಟೆಯನ್ನು ಬೂದಿ ಹಾಕಿ ಉಜ್ಜಿ, ಮುಂದೆ ಒರಗಿಸಿಕೊಂಡು ಕುಳಿತೆ. ನನ್ನ ಮುಖವನ್ನು ನಾನೇ ನೋಡಿದರೆ ಅದು ಕೂಡಲೇ ನೆಲ ನೋಡುವ ಮುಖವಾಗಿಬಿಡುತ್ತಿತ್ತು. ಕೊನೆಗೆ ತಟ್ಟೆಯನ್ನು ಅಂಗಡಿಯ ಕಡೆಗೆ ಓರೆ ಮಾಡಿ ಇಟ್ಟು ಈರುಳ್ಳಿ ಹೆಚ್ಚತೊಡಗಿದೆ. ಸುಧನ್ವ, ಮಾಳವಿಕಾ ಬಂದರು. ಮಾಳವಿಕಾ ಬೋಂಡವನ್ನು ಕಾಗದದಲ್ಲಿ ಒತ್ತಿ ಒತ್ತಿ ಎಣ್ಣೆ ತೆಗೆಯುತ್ತ, ಎಣ್ಣೆಯ ಕಲೆಯೂ ಒಂದು ಪರಿಕಲ್ಪನೆ ಎಂದಳು. ಆಗ ಥಟ್ಟನೆ ತಟ್ಟೆಯ ಕಡೆ ಕಣ್ಣು ಹಾಯಿಸಿದೆ. ಸಿಕ್ಕಿತು. ಒಂದು ಹುಬ್ಬು ಮೇಲೆ, ತುಟಿಯ ಒಂದು ಮೂಲೆ ಒಳಕ್ಕೆ, ಕಣ್ಣು ಅರ್ಧ ಮುಚ್ಚಿ, ಆದರೆ ಆ ಅರ್ಧದಲ್ಲೇ ಎಲ್ಲವನ್ನೂ ಹೆಕ್ಕುತ್ತಿತ್ತು. ಚೆಂದದ ಮುಖವಲ್ಲ. ಒಳ್ಳೆಯವಳ ಮುಖವೂ ಅಲ್ಲ. ಸಂತೆಯಲ್ಲಿ ಎದುರಿಗೆ ಬಂದರೆ ನಾನೇ ದಾಟಿಕೊಂಡು ಹೋಗುತ್ತಿದ್ದೆ.

ಹಲಗೆಯ ಮೇಲಿನ ನೆಲ ನೋಡುವ ಮುಖವನ್ನು ಅಳಿಸಿ ಇದನ್ನು ಬರೆಯತೊಡಗಿದೆ. ಬರೆದು ಮುಗಿಯುವ ಮೊದಲೇ ಬಲಗಡೆಯ ಅಂಚು ಮಣ್ಣಿಗೆ ಇಳಿಯತೊಡಗಿತ್ತು. ಹಗ್ಗ ಎಳೆದಾಗ ಕೊಂಬೆ ಕಿರುಗುಟ್ಟಿತು, ಹಲಗೆ ಮೇಲೆದ್ದು ಒಮ್ಮೆ ಆಚೆ, ಒಮ್ಮೆ ಈಚೆ ಆಡಿ ನೆಟ್ಟಗೆ ನಿಂತಿತು. ಎಡಗಡೆ ಬೋಂಡ ಬಿಡುವ ಅವ್ವ, ಬಲಗಡೆ ಈರುಳ್ಳಿ ಹೆಚ್ಚುತ್ತ ಎದುರಿಗಿರುವವರನ್ನು ನೋಡುತ್ತಿರುವ ನಾನು. ನಡುವೆ ಖಾಲಿ ಜಾಗ. ಅಲ್ಲಿ ಗಿರಾಕಿಗಳು ನಿಲ್ಲುತ್ತಾರೆ. ಅದನ್ನು ಬರೆಯುವ ಅಗತ್ಯವಿರಲಿಲ್ಲ. ಚಿತ್ರದ ಮುಂದೆ ಯಾರು ನಿಂತರೂ ಆ ಜಾಗಕ್ಕೆ ಬರುತ್ತಿದ್ದರು.

"ಈಗ ನೀನು" ಎಂದಳು ಅವ್ವ.

ಪ್ರದರ್ಶನದ ಬೆಳಿಗ್ಗೆ ಗೋದಾಮಿನ ಹಮಾಲರು ಹಲಗೆಯನ್ನು ಹಗ್ಗ ಹಾಕಿ ಮೇಲೆ ಸಾಗಿಸಿದರು. ಗೋಡೆಯ ಆಚೆಗೂ ಈಚೆಗೂ ಕಬ್ಬಿಣದ ಬಿಲ್ಲೆ ಕೊಟ್ಟು, ಮೂಟೆ ತೂಗುವ ಕೊಕ್ಕೆಯನ್ನು ಬಿಗಿದು, ಅದಕ್ಕೆ ನೇತುಹಾಕಿದರು. ನನ್ನ ಒರಳುಕಲ್ಲು ಬಿಟ್ಟರೆ ಆ ಗೋಡೆ ಎಷ್ಟೋ ವರ್ಷದಿಂದ ಭಾರ ಕಂಡಿರಲಿಲ್ಲ. ಮೌನ, ಬಿಡುಗಡೆ, ಗೈರುಹಾಜರಿ, ಇಂಥವುಗಳನ್ನು ಗುಂಡುಪಿನ್ನಿನಲ್ಲಿ ಚುಚ್ಚಿದರೆ ಸಾಕಾಗುತ್ತಿತ್ತು. ಅಂಥವೇ ನನ್ನ ಚಿತ್ರದ ಎರಡೂ ಕಡೆ ಸಾಲಾಗಿ ಇದ್ದವು. ಸುಧನ್ವನ ಬೆಟ್ಟ ಪಕ್ಕದಲ್ಲೇ ಇತ್ತು, ಯಾರಾದರೂ ಬಾಗಿಲು ತೆಗೆದರೆ ಎದ್ದು ನಿಲ್ಲುತ್ತಿತ್ತು.

ಪರೀಕ್ಷಕರು ನದಿಯಾಚೆಯಿಂದ ಬಂದ ವಯಸ್ಸಾದವರೊಬ್ಬರು. ಹೆಗಲ ಮೇಲೆ ಶಾಲು, ಕೈಯಲ್ಲಿ ಕನ್ನಡಕ. ಒಂದೊಂದು ಚಿತ್ರದ ಮುಂದೆಯೂ ಮಾತು ಕೇಳಿ ತಲೆಯಾಡಿಸಿದರು. ನನ್ನದರ ಮುಂದೆ ಬಂದಾಗ ಕನ್ನಡಕ ಹಾಕಿಕೊಂಡರು, ಒಂದು ಹೆಜ್ಜೆ ಹಿಂದೆ ಹೋದರು, ಶಾಲು ಸರಿಮಾಡಿಕೊಂಡರು. ಯಾರೋ ತಮ್ಮ ಶಾಲಿನ ಕಲೆ ನೋಡಿಬಿಟ್ಟರೇನೋ ಎಂಬಂತೆ.

"ಇದರ ಪರಿಕಲ್ಪನೆ?"

ನಾನು ಬಾಯಿ ಬಿಡಲಿಲ್ಲ. ಗೋಡೆ ಬಿಟ್ಟಿತು. ಕೊಕ್ಕೆಯ ಮೇಲಿನಿಂದ ಸೂರಿನವರೆಗೆ ಗಾರೆಯಲ್ಲಿ ಒಂದು ಸೀಳು ಸದ್ದು ಮಾಡುತ್ತ ಓಡಿತು. ಸುಣ್ಣದ ಹುಡಿ ಪರೀಕ್ಷಕರ ಶಾಲಿನ ಮೇಲೆ ಉದುರಿತು. ಮಾಳವಿಕಾ ಚೀರಿದಳು. ಮೌನದ ಬಗ್ಗೆ ಅವಳು ಇಟ್ಟುಕೊಂಡಿದ್ದ ಗೌರವ ಅಷ್ಟೇ.

ಮೇಷ್ಟ್ರು ನನ್ನ ಹತ್ತಿರ ಬಂದರು. ಬರೆದವರು ಒಪ್ಪದೆ ದೀಪದ ಹೊತ್ತಿಗೆ ಮೊದಲು ಯಾವ ಚಿತ್ರವನ್ನೂ ಇಳಿಸುವಂತಿಲ್ಲ. ಅದು ಅವರಿಗಿಂತ ಹಳೆಯ ನಿಯಮ, ತಕ್ಕಡಿಯ ಜೊತೆಗೆ ಅದನ್ನು ತೆಗೆಸುವುದು ಮರೆತಿದ್ದರು. "ಕೆಂಚಮ್ಮ, ಇಳಿಸಿಬಿಡೋಣ ತಾನೆ? ನಿನಗೆ ಮುಂದೆ ಏನಾದ್ರೂ ದಾರಿ ಮಾಡೋಣ" ಎಂದು ಮೆಲ್ಲಗೆ ಹೇಳಿ, ನಾನು ತಲೆಯಾಡಿಸುವುದನ್ನು ಕಾಯುತ್ತ ನಿಂತರು. ನಾನು ಸದಾ ತಲೆಯಾಡಿಸುತ್ತಿದ್ದವಳು. ಹಮಾಲರನ್ನು ಕೂಗಲು ಒಬ್ಬನನ್ನು ಆಗಲೇ ಕಿಟಕಿಯ ಹತ್ತಿರ ನಿಲ್ಲಿಸಿದ್ದರು.

ಮುಂದೆ ದಾರಿಯಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಲ್ಲರೂ ನನ್ನ ಕಡೆ ತಿರುಗಿದ್ದರು. ನನ್ನ ಕಣ್ಣು ಅಭ್ಯಾಸದಂತೆ ನೆಲಕ್ಕೆ ಹೋಯಿತು. ಆದರೆ ಗೋಡೆಯ ಮೇಲಿದ್ದವಳು ಅವರನ್ನು ನೋಡುತ್ತಲೇ ಇದ್ದಳು; ನಾನು ಎಷ್ಟು ತಲೆ ತಗ್ಗಿಸಿದರೂ ಇನ್ನು ಉಪಯೋಗವಿರಲಿಲ್ಲ.

"ಬೇಡ" ಎಂದೆ.

"ಏನಮ್ಮ?"

"ಇಳಿಸೋದು ಬೇಡ."

"ಗೋಡೆ ಬೀಳುತ್ತಮ್ಮ."

"ಬೀಳ್ಲಿ" ಎಂದೆ.

ಆ ಶಾಲೆಯಲ್ಲಿ ನಾನು ಜೋರಾಗಿ ಆಡಿದ ಮೊದಲ ಮಾತು ಅದು. ಮೇಷ್ಟ್ರು ಒಂದು ಗಳಿಗೆ ನನ್ನನ್ನೂ ಚಿತ್ರವನ್ನೂ ಹೋಲಿಸಿ ನೋಡಿದರು. ಆಗ ಅವರ ಕಣ್ಣು ಚೆನ್ನಾಗಿಯೇ ತೆರೆದಿತ್ತು.

ಆಮೇಲೆ ನಡೆದದ್ದು ನಾನು ಮಾಡಿದ್ದಲ್ಲ. ಸುಧನ್ವ ಓಡಿಹೋಗಿ ತನ್ನ ಬೆಟ್ಟವನ್ನು ಗೋಡೆಯಿಂದ ಕಿತ್ತುಕೊಂಡ. ಗೋಡೆ ಬಿದ್ದರೆ ಅದು ಅಪ್ಪಚ್ಚಿಯಾದೀತು ಎಂಬ ಭಯ. ಅವನನ್ನು ನೋಡಿ ಮಾಳವಿಕಾ ಗೀಟನ್ನು ಕಿತ್ತುಕೊಂಡಳು. ಒಬ್ಬರನ್ನು ನೋಡಿ ಒಬ್ಬರು ಬಿಡುಗಡೆ, ಶೂನ್ಯ, ಗೈರುಹಾಜರಿಗಳನ್ನೆಲ್ಲ ಸುರುಳಿ ಸುತ್ತಿ ಎದೆಗೆ ಅವುಚಿಕೊಂಡು ಅಂಗಳಕ್ಕೆ ಇಳಿದರು. ಗುಂಡುಪಿನ್ನುಗಳು ಗೋಡೆಯಲ್ಲೇ ಉಳಿದವು. ದೀಪದ ಹೊತ್ತಿಗೆ ಮೊದಲು ತಮ್ಮ ಚಿತ್ರವನ್ನು ತಾವೇ ಇಳಿಸಿಕೊಂಡಿದ್ದೇವೆ ಎಂಬುದು ಅವರಿಗೆ ಬಹಳ ಹೊತ್ತು ಹೊಳೆಯಲಿಲ್ಲ. ಅಂಗಳದಲ್ಲಿ ನಿಂತು ಬೋಂಡ ತಿನ್ನುತ್ತ ಗೋಡೆ ಬೀಳುವುದನ್ನೇ ಕಾಯುತ್ತಿದ್ದರು. ಅವ್ವನಿಗೆ ಆ ದಿನ ಒಳ್ಳೆಯ ವ್ಯಾಪಾರ.

ಗೋಡೆ ಬೀಳಲಿಲ್ಲ. ಸೀಳು ಸೂರಿಗೆ ಮುಟ್ಟಿ ಅಲ್ಲೇ ನಿಂತಿತು. ನಾನು ಒಬ್ಬಳೇ ಒಳಗೆ ಕುಳಿತಿದ್ದೆ. ದೀಪ ಹಚ್ಚಿದಾಗ ಹಲಗೆ ಬೆಳಿಗ್ಗೆ ಇದ್ದಷ್ಟೇ ಮಟ್ಟವಾಗಿತ್ತು.

ಪರೀಕ್ಷಕರು ಮತ್ತೆ ಒಳಗೆ ಬಂದರು. ಹಿಂದೆಯೇ ಮೇಷ್ಟ್ರು, ಅವರ ಹಿಂದೆ ಮುಖ ಬಾಡಿದ ಹುಡುಗರು. ಪರೀಕ್ಷಕರು ನನ್ನ ಚಿತ್ರದ ಕಡೆ ನೋಡದೆ, ಖಾಲಿ ಗೋಡೆಯ ಗುಂಡುಪಿನ್ನುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಕೊನೆಯ ಪಿನ್ನಿನ ಹತ್ತಿರ ನಿಂತರು. "ಅದ್ಭುತ" ಎಂದರು. "ಚಿತ್ರವೇ ಇಲ್ಲದ ಚಿತ್ರ. ಇಷ್ಟು ದೂರ ಯಾರೂ ಹೋಗಿರಲಿಲ್ಲ." ಮೇಷ್ಟ್ರು ಕಣ್ಣು ಮುಚ್ಚಿದರು. ಆ ಚಿತ್ರಗಳೆಲ್ಲ ಪರಿಕಲ್ಪನೆಯಲ್ಲಿ ಗೋಡೆಯ ಮೇಲೇ ಇದ್ದವು ಎಂದು ತೀರ್ಮಾನವಾಯಿತು. ಎಲ್ಲರೂ ತೇರ್ಗಡೆ, ಸುಧನ್ವ ಮೊದಲನೆಯವ. ಕೊಕ್ಕೆಗೆ ನೇತಾಡುತ್ತಿದ್ದದ್ದನ್ನು ಅಲ್ಲಗಳೆಯಲು ಆಗದೆ ನನ್ನ ಹೆಸರನ್ನೂ ಬರೆದರು. ತೊಲೆಯ ಕೊನೆಗೆ, ಕಂಬ ಸೇರುವ ಕಡೆ, ಕತ್ತು ಓರೆ ಮಾಡಿದರೆ ಕಾಣುತ್ತದೆ. ಕಾಗದದಂಗಡಿಯವನು ಕತ್ತು ಓರೆ ಮಾಡಿ ನೋಡಿ ಬಂದು ನನಗೆ ಕಾಗದ ಕೊಟ್ಟ.

ಚಿತ್ರವನ್ನು ಮನೆಗೆ ತರಬೇಕೆಂದು ಅವ್ವನಿಗೆ ಆಸೆ. ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿ, ಕೊಕ್ಕೆ ಅಲ್ಲಾಡಿಸಿದರೆ ಸೀಳು ಬಾಯಿ ಬಿಡುತ್ತದೆ, ಇದ್ದ ಹಾಗೇ ಇರಲಿ ಎಂದ. ಹಾಗಾಗಿ ಅದು ಅಲ್ಲೇ ಇದೆ. ಆ ಕೋಣೆಯಲ್ಲಿ ಈಗಲೂ ತರಗತಿ ನಡೆಯುತ್ತದೆ. ಹುಡುಗರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತಮ್ಮ ಪರಿಕಲ್ಪನೆ ಹೇಳಲು ಶುರುಮಾಡುತ್ತಾರೆ. ನಡುವೆ ಎಲ್ಲೋ ಅವರ ಕಣ್ಣು ಆ ಗೋಡೆಗೆ ಹೋಗುತ್ತದೆ, ಮಾತು ತಡವರಿಸುತ್ತದೆ. ಹೊಸದಾಗಿ ಸೇರಿದವರು ಅಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವುದು ಆ ಗೋಡೆಗೆ ಬೆನ್ನು ಹಾಕಿ ಕುಳಿತುಕೊಳ್ಳುವುದನ್ನು.